ಬರ್ಮಾಕ್ಕೆ ಟೂರ್ ಹೋಗಬಹುದಾ?

(ಜಯನಗರದ ಓದುಗರ ಬಳಗವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಪತ್ರಿಕೆಯ ವಿದೇಶ ಸುದ್ದಿ ಡೆಸ್ಕಿನಲ್ಲಿ ಕೆಲಸ ಮಾಡಿದವನು. ಟೂರಿಸಂ ನನ್ನ ಕಸುಬಲ್ಲ. ಆದರೂ ಈಚೆಗೆ ಮದುವೆ ಮನೆಯಲ್ಲಿ, ಪಾರ್ಕಿನಲ್ಲಿ, ಎಲ್ಲಿ ಸಿಕ್ಕರೂ ಒಂದು ಪ್ರಶ್ನೆ ಬರುತ್ತದೆ. "ಸಾರ್, ಬರ್ಮಾಕ್ಕೆ ಹೋಗಿಬರೋಣ ಅಂತಿದ್ದೀವಿ. ಸೇಫಾ?" ಕೇಳುವವರಲ್ಲಿ ವಿಪಶ್ಯನ ಧ್ಯಾನದ ಶಿಬಿರ ಮುಗಿಸಿದವರು ಇದ್ದಾರೆ. ಬ್ಯಾಂಕಾಕ್, ಬಾಲಿ ಎಲ್ಲ ಆಯ್ತು, ಇನ್ನೇನಿದೆ ಅನ್ನುವವರೂ ಇದ್ದಾರೆ. ಸೇಫಾ ಅಂತ ಎಲ್ಲರೂ ಕೇಳುತ್ತಾರೆ. ಸರೀನಾ ಅಂತ ಕೇಳುವವರು ಕಡಿಮೆ. ಇವತ್ತು ಆ ಎರಡನೇ ಪ್ರಶ್ನೆಯನ್ನೇ ಹಿಡಿದುಕೊಳ್ಳೋಣ.

ನಾನು ಬರ್ಮಾ ಅಂತಲೂ ಹೇಳುತ್ತೇನೆ, ಮ್ಯಾನ್ಮಾರ್ ಅಂತಲೂ ಹೇಳುತ್ತೇನೆ. ಅದರಲ್ಲಿ ರಾಜಕೀಯ ಹುಡುಕಬೇಡಿ. ನಾಲಿಗೆಗೆ ಯಾವುದು ಬರುತ್ತೋ ಅದು.

ಈ ದೇಶ ನಮಗೆ ದೂರದ್ದಲ್ಲ. ಬಸವನಗುಡಿಯ ಹಳೇ ಮನೆಗಳವರು "ಇದು ಬರ್ಮಾ ತೇಗ" ಅಂತ ಬಾಗಿಲು ತಟ್ಟಿ ತೋರಿಸುತ್ತಾರೆ. ಟಿಳಕರನ್ನು ಬ್ರಿಟಿಷರು 1908ರಿಂದ 1914ರವರೆಗೆ ಇಟ್ಟಿದ್ದು ಮಂಡಾಲೆ ಜೈಲಿನಲ್ಲಿ. ಇದನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ವಿಪಶ್ಯನ ಕಲಿಸಿದ ಗೋಯೆಂಕಾ ಅವರು ಹುಟ್ಟಿದ್ದೂ ಮಂಡಾಲೆಯಲ್ಲೇ. ಅವರ ಗುರು ಊ ಬಾ ಖಿನ್ ಅಲ್ಲಿನ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದವರು.

1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಅಧಿಕಾರ ಹಿಡಿದ. ಅಂಗಡಿ, ಕಾರ್ಖಾನೆ, ಬ್ಯಾಂಕು ಎಲ್ಲ ಸರ್ಕಾರದ ಪಾಲಾಯಿತು. ಲಕ್ಷಗಟ್ಟಲೆ ಭಾರತೀಯರು ಬಿಟ್ಟು ಬಂದರು. ಪ್ರವಾಸಿಗಳನ್ನೂ ಸೈನ್ಯ ದೂರವೇ ಇಟ್ಟಿತು. ಒಂದು ಕಾಲಕ್ಕೆ ವೀಸಾ ಕೊಡುತ್ತಿದ್ದದ್ದು ಬರೀ 24 ಗಂಟೆಗೆ. ಆಮೇಲೆ ಏಳು ದಿನ ಆಯಿತು. ಆಗ ಹೋಗುವುದು ಸರಿಯೋ ತಪ್ಪೋ ಅನ್ನುವ ಚರ್ಚೆಯೇ ಇರಲಿಲ್ಲ. ಒಳಗೆ ಬಿಟ್ಟರೆ ತಾನೆ?

ಚರ್ಚೆ ಹುಟ್ಟಿದ್ದು ಸೈನ್ಯಕ್ಕೆ ಡಾಲರ್ ಬೇಕಾದಾಗ. 1988ರಲ್ಲಿ ಜನ ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿತು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಎನ್‌ಎಲ್‌ಡಿ ಪಕ್ಷ 485ರಲ್ಲಿ 392 ಸೀಟು ಗೆದ್ದಿತು. ಸೈನ್ಯ ಅಧಿಕಾರ ಬಿಟ್ಟುಕೊಡಲಿಲ್ಲ. ಅದರ ಬದಲು 1996ನ್ನು 'ಮ್ಯಾನ್ಮಾರ್ ನೋಡಬನ್ನಿ ವರ್ಷ' ಅಂತ ಘೋಷಿಸಿ ಐದು ಲಕ್ಷ ಪ್ರವಾಸಿಗಳ ಗುರಿ ಇಟ್ಟುಕೊಂಡಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅತಿಥಿಗಳು ಬರುವ ಮೊದಲು ಊರು ಚೆನ್ನಾಗಿ ಕಾಣಬೇಕಲ್ಲ. ಮಂಡಾಲೆ ಕೋಟೆಯ ಸುತ್ತ ದೊಡ್ಡ ಕಂದಕವಿದೆ, ನೀರು ತುಂಬಿದ್ದು. ಅದರ ಹೂಳು ತೆಗೆಯಲು ಮನೆಮನೆಯಿಂದ ಜನರನ್ನು ಕರೆಸಿದರು. ಕೂಲಿ ಇಲ್ಲ. ಕೈದಿಗಳನ್ನೂ ಇಳಿಸಿದರು. ಒಳಗಿನ ಅರಮನೆ ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಗಿತ್ತು. ಪ್ರವಾಸಿಗಳು ಈಗ ನೋಡುವುದು ಹೊಸದಾಗಿ ಕಟ್ಟಿದ್ದನ್ನು. ಕೋಟೆಯೊಳಗಿನ ಹೆಚ್ಚಿನ ಜಾಗ ಸೈನ್ಯದ ಕ್ಯಾಂಪು. ವಿದೇಶಿಯರಿಗೆ ಪೂರ್ವದ ಬಾಗಿಲು ಮಾತ್ರ. ಸೈನ್ಯ ಮತ್ತು ಜನ ಕೂಡಿ ಒಕ್ಕೂಟಕ್ಕೆ ಕೇಡು ಮಾಡುವವರನ್ನು ಹೊಸಕಿಹಾಕಬೇಕು ಅನ್ನುವ ದೊಡ್ಡ ಬೋರ್ಡು ಅಲ್ಲಿತ್ತು. ಪ್ರವಾಸಿಗಳು ಅದರ ಪಕ್ಕದಲ್ಲೇ ಟಿಕೆಟ್ ತೋರಿಸಿ ಒಳಗೆ ಹೋಗುತ್ತಿದ್ದರು.

ಬಗಾನ್ ಕಥೆ ಇನ್ನೊಂದು. ಬಯಲ ತುಂಬ ಸಾವಿರಾರು ಪಗೋಡ. ನೋಡಿದವರು ಮರೆಯುವುದಿಲ್ಲ, ಅದು ಸುಳ್ಳಲ್ಲ. ಆ ಪಗೋಡಗಳ ನಡುವೆ ಒಂದು ಊರಿತ್ತು. 1990ರಲ್ಲಿ ಆ ಊರಿನವರನ್ನೆಲ್ಲ ಎಬ್ಬಿಸಿ ಹೊಸ ಬಗಾನ್ ಅಂತ ಒಂದು ಬಯಲಿಗೆ ಕಳಿಸಿದರು. ಹಳೇ ಬಗಾನ್‌ನಲ್ಲಿ ಹೋಟೆಲುಗಳು ಉಳಿದವು. ಪ್ರವಾಸಿ ಪುಸ್ತಕಗಳು ಆ ನೆಮ್ಮದಿಯನ್ನು ಬಾಯಿತುಂಬ ಹೊಗಳಿದವು. ಜನರನ್ನು ಖಾಲಿ ಮಾಡಿಸಿದ ಮೇಲೆ ನೆಮ್ಮದಿ ಇರದೆ ಏನಾಗುತ್ತೆ?

ಸೂ ಕಿ ಮತ್ತು ಅವರ ಪಕ್ಷ ಆಗ ಹೇಳಿದ್ದು ಇಷ್ಟು: ಈಗ ಬರಬೇಡಿ. ನಮ್ಮ ದೇಶ ಎಲ್ಲಿಗೂ ಓಡಿಹೋಗುವುದಿಲ್ಲ. ಅವರ ಮಾತಿನಲ್ಲಿ ಲೆಕ್ಕವೂ ಇತ್ತು. ವಿಮಾನ ನಿಲ್ದಾಣದಲ್ಲೇ ಪ್ರವಾಸಿಗಳು 300 ಡಾಲರ್ ಕೊಟ್ಟು ಎಫ್‌ಇಸಿ ಅನ್ನುವ ಸರ್ಕಾರಿ ಚೀಟಿ ಕೊಳ್ಳಬೇಕಿತ್ತು. ಸರ್ಕಾರಿ ದರದಲ್ಲಿ ಡಾಲರಿಗೆ ಆರು ಚಿಲ್ಲರೆ ಕ್ಯಾಟ್ (ಕ್ಯಾಟ್ ಅಂದರೆ ಅಲ್ಲಿನ ದುಡ್ಡು). ಬೀದಿಯಲ್ಲಿ ನೂರಕ್ಕೂ ಹೆಚ್ಚು ಕ್ಯಾಟ್. ಅಂದರೆ ನೀವು ಊರೊಳಗೆ ಕಾಲಿಡುವ ಮೊದಲೇ ಸೈನ್ಯಕ್ಕೆ ಗಟ್ಟಿ ಡಾಲರ್ ಸಿಕ್ಕಿರುತ್ತಿತ್ತು. ಐದು ಲಕ್ಷದ ಗುರಿ ಮುಟ್ಟಲಿಲ್ಲ.

ಎಲ್ಲ ಬರ್ಮೀಯರೂ ಇದನ್ನು ಒಪ್ಪಿದ್ದರು ಅಂತ ತಿಳಿಯಬೇಡಿ. ಗೈಡುಗಳು, ಸಣ್ಣ ಗೆಸ್ಟ್‌ಹೌಸಿನವರು, ಕುದುರೆಗಾಡಿಯವರು ಸಿಟ್ಟಾಗಿದ್ದರು. ಹೊರಗಿನವರು ಬಂದರೆ ಸುದ್ದಿಯಾದರೂ ಹೊರಗೆ ಹೋಗುತ್ತೆ ಅನ್ನುವ ವಾದವೂ ಇತ್ತು. 2010ರ ನವೆಂಬರಿನಲ್ಲಿ ಸೂ ಕಿ ಗೃಹಬಂಧನದಿಂದ ಹೊರಗೆ ಬಂದರು. ಆ ಹೊತ್ತಿಗೆ ಪಕ್ಷವೂ ಮಾತು ಬದಲಿಸಿತ್ತು. ದೊಡ್ಡ ಪ್ಯಾಕೇಜ್ ಗುಂಪುಗಳು ಬೇಡ, ನೀವು ನೀವಾಗಿ ಬನ್ನಿ, ಸಣ್ಣವರ ಹತ್ತಿರ ಖರ್ಚು ಮಾಡಿ ಅಂದರು. ನನಗೆ ಇದು ಮುಖ್ಯ ಅನ್ನಿಸುತ್ತದೆ. 'ಬರಬೇಡಿ' ಅನ್ನುವುದು ಶಾಶ್ವತ ಶಾಪ ಅಲ್ಲ. ಪರಿಸ್ಥಿತಿ ನೋಡಿ ಅಲ್ಲಿನವರು ಹೇಳುವ ಮಾತು ಅದು. ಹೇಳಿದವರೇ ಅದನ್ನು ವಾಪಸ್ಸೂ ತೆಗೆದುಕೊಂಡರು.

ಆ ತೆರೆದ ವರ್ಷಗಳಲ್ಲಿ ನಾನೂ ಹೋಗಿದ್ದೆ. ಯಾಂಗಾನ್‌ನ, ಅಂದರೆ ಹಳೇ ರಂಗೂನಿನ, ಟೀ ಅಂಗಡಿಗಳಲ್ಲಿ ಜನ ಜೋರಾಗಿ ರಾಜಕೀಯ ಮಾತಾಡುತ್ತಿದ್ದರು. ನಮ್ಮ ಕಡೆಯ ಹೋಟೆಲುಗಳಂತೆಯೇ. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿದಾಗ ಅದೇ ಟೀ ಅಂಗಡಿಗಳಲ್ಲಿ ಹೆಚ್ಚಿನವರು ಸೈನ್ಯದ ಪರವಾಗಿದ್ದರು, ಚುನಾವಣೆ ಗೆದ್ದು ಆಗ ಸರ್ಕಾರ ನಡೆಸುತ್ತಿದ್ದ ಸೂ ಕಿಯೂ ಸೈನ್ಯವನ್ನು ಸಮರ್ಥಿಸಿಕೊಂಡರು. ಅದನ್ನೂ ಹೇಳಿಬಿಡಬೇಕು. ಸೈನ್ಯದ ಕೆಳಗಿರುವ ಜನ ಎಲ್ಲರೂ ಸಂತರಲ್ಲ.

ಈಗ 2021ಕ್ಕೆ ಬರೋಣ. ಫೆಬ್ರುವರಿ 1ರಂದು ಜನರಲ್ ಮಿನ್ ಆಂಗ್ ಹ್ಲೈಂಗ್ ಕೈಯಲ್ಲಿ ಸೈನ್ಯ ಮತ್ತೆ ಅಧಿಕಾರ ಹಿಡಿಯಿತು. ಡಾಕ್ಟರು, ಮೇಷ್ಟ್ರು, ರೈಲ್ವೆ ನೌಕರರು ಕೆಲಸ ಬಿಟ್ಟು ಹೊರಗೆ ಬಂದರು. 20 ಸಾವಿರಕ್ಕೂ ಹೆಚ್ಚು ಜನ ಜೈಲು ಕಂಡರು. 2022ರ ಜುಲೈನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರಲ್ಲಿ ಫ್ಯೋ ಜೇಯಾ ಥಾ ಒಬ್ಬ. ಹಿಪ್‌ಹಾಪ್ ಹಾಡುಗಾರ, ಸಂಸದನೂ ಆಗಿದ್ದವನು. 2023ರ ಮಾರ್ಚಿನಲ್ಲಿ ಎನ್‌ಎಲ್‌ಡಿ ಪಕ್ಷವನ್ನೇ ರದ್ದು ಮಾಡಿದರು. 2024ರ ಫೆಬ್ರುವರಿಯಲ್ಲಿ ಕಡ್ಡಾಯ ಸೈನ್ಯ ಸೇವೆಯ ಕಾನೂನು ಜಾರಿಗೆ ತಂದರು. 18ರಿಂದ 35ರ ಗಂಡಸರು, 18ರಿಂದ 27ರ ಹೆಂಗಸರು ಅದರ ಅಡಿ ಬರುತ್ತಾರೆ. ಇಂಥ ಹೊತ್ತಿನಲ್ಲೇ 2023ರಲ್ಲಿ ಭಾರತ ಮತ್ತು ಚೀನಾದ ಪ್ರವಾಸಿಗಳಿಗೆ ವೀಸಾ ಆನ್ ಅರೈವಲ್ ಕೊಡುತ್ತೇವೆ ಅಂದರು. ಯುರೋಪಿನವರು ಬರುವುದು ಕಡಿಮೆಯಾಗಿತ್ತು. ನಮ್ಮ ಮೇಲೆ ಕಣ್ಣು ಬಿತ್ತು.

ಸಾಮಾನ್ಯವಾಗಿ ಈ ಚರ್ಚೆ ದುಡ್ಡಿನ ಸುತ್ತಲೇ ಸುತ್ತುತ್ತದೆ. ನಮ್ಮ ದುಡ್ಡು ಸೈನ್ಯಕ್ಕೆ ಹೋಗುತ್ತಾ, ಬಡವರಿಗೆ ಹೋಗುತ್ತಾ? ಎರಡೂ ಕಡೆ ಹೋಗುತ್ತೆ. ವೀಸಾ ಶುಲ್ಕ ಸರ್ಕಾರಕ್ಕೆ. ಹೋಟೆಲಿನವನು ಪಡೆದ ಡಾಲರನ್ನು ಸರ್ಕಾರ ಹೇಳಿದ ದರದಲ್ಲಿ ಕ್ಯಾಟ್ ಮಾಡಿಕೊಳ್ಳಬೇಕು ಅಂತ 2022ರ ಏಪ್ರಿಲ್‌ನಲ್ಲಿ ಆದೇಶ ಬಂತು. ಆಗಿನ ದರ 1850. ಬೀದಿ ದರ ಜಾಸ್ತಿ ಇತ್ತು, ಮುಂದೆ 4000 ದಾಟಿತು. ನಡುವಿನ ವ್ಯತ್ಯಾಸ ಎಲ್ಲಿಗೆ ಹೋಯ್ತು ಅಂತ ಬಿಡಿಸಿ ಹೇಳಬೇಕಾ? ಬಿಯರ್, ಸಿಗರೇಟು, ಸಿಮ್ ಕಾರ್ಡು, ಬಂದರಿನ ಜಾಗ, ಎಲ್ಲದರಲ್ಲೂ ಸೈನ್ಯದ ಕಂಪನಿಗಳಿವೆ. ಎಂಇಎಚ್‌ಎಲ್ ಮತ್ತು ಎಂಇಸಿ ಅಂತ ಅವುಗಳ ಹೆಸರು. ಜಪಾನಿನ ಕಿರಿನ್ ಕಂಪನಿ ಅದೇ ಕಾರಣಕ್ಕೆ ಮ್ಯಾನ್ಮಾರ್ ಬಿಯರ್ ವ್ಯವಹಾರ ಬಿಟ್ಟು ಬಂತು.

ಆದರೆ ನನ್ನ ಅಭಿಪ್ರಾಯ ಬೇರೆ. ಪ್ರವಾಸಿಯ ದುಡ್ಡು ಸೈನ್ಯಕ್ಕೆ ಚಿಲ್ಲರೆ ಕಾಸು. ಅದಕ್ಕೆ ನಿಜವಾದ ಹಣ ಬರುವುದು ಸಮುದ್ರದ ಗ್ಯಾಸಿನಿಂದ, ಮರದಿಂದ, ಹರಳಿನಿಂದ. ನೀವು ಹೋಗದಿದ್ದರೆ ಒಂದು ಬಂದೂಕೂ ಕಡಿಮೆಯಾಗುವುದಿಲ್ಲ. ಹಾಗಾದರೆ ಹೋಗಬಹುದಲ್ಲ ಅಂದರೆ, ನನಗೆ ಅಡ್ಡ ಬರುವುದು ಬೇರೆ ಎರಡು ವಿಷಯ.

ಮೊದಲನೆಯದು, ನೀವು ಮಾತಾಡಿಸಿದ ಮನುಷ್ಯ. ಬರ್ಮಾದಲ್ಲಿ ಹಳೆಯದೊಂದು ಕಾನೂನಿದೆ. ಮನೆಯಲ್ಲಿ ರಾತ್ರಿ ಯಾರಾದರೂ ಉಳಿದರೆ ವಾರ್ಡ್ ಆಫೀಸಿಗೆ ತಿಳಿಸಬೇಕು. ಸ್ವಂತ ತಂಗಿ ಬಂದರೂ ಅಷ್ಟೇ. ಚುನಾಯಿತ ಸರ್ಕಾರ ಇದ್ದಾಗ ಆ ನಿಯಮ ತೆಗೆದಿದ್ದರು. 2021ರಲ್ಲಿ ಸೈನ್ಯ ಬಂದ ಎರಡೇ ವಾರದಲ್ಲಿ ವಾಪಸ್ ತಂದರು. ಈ ಹೆಸರಿನಲ್ಲಿ ರಾತ್ರಿ ಬಾಗಿಲು ತಟ್ಟಿ ಮನೆ ಹುಡುಕುತ್ತಾರೆ. ವಿಕಿ ಬೋಮನ್ ಅವರ ವಿಷಯ ನೋಡಿ. ಬ್ರಿಟನ್ನಿನ ಮಾಜಿ ರಾಯಭಾರಿ. ಬರ್ಮೀ ಕಲಾವಿದರನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದರು. ನೋಂದಾಯಿಸಿದ ವಿಳಾಸ ಬಿಟ್ಟು ಬೇರೆ ಮನೆಯಲ್ಲಿ ಇದ್ದರು ಅಂತ 2022ರಲ್ಲಿ ಒಂದು ವರ್ಷ ಜೈಲು ಹಾಕಿದರು. ಗಂಡನಿಗೂ ಅಷ್ಟೇ ಶಿಕ್ಷೆ. ನವೆಂಬರಿನಲ್ಲಿ ಬಿಡುಗಡೆ ಆಯಿತು. ಅವರಿಗೆ ಬ್ರಿಟನ್ ಬೆನ್ನಿಗಿತ್ತು.

ನಿಮ್ಮನ್ನು ಆಟೋದಲ್ಲಿ ಸುತ್ತಿಸಿದ ಹುಡುಗನ ಬೆನ್ನಿಗೆ ಯಾರಿದ್ದಾರೆ? ನೀವು ಬೆಂಗಳೂರಿಗೆ ವಾಪಸ್ ಬಂದು ರೀಲ್ಸ್ ಹಾಕುತ್ತೀರಿ. "ಈ ಡ್ರೈವರ್ ಅಣ್ಣ ಮಿಲಿಟರಿ ಬಗ್ಗೆ ಏನು ಹೇಳಿದ ಗೊತ್ತಾ" ಅಂತ ಅವನ ಮುಖದ ಸಮೇತ. ಫೇಸ್‌ಬುಕ್‌ನಲ್ಲಿ ಒಂದು ಲೈಕ್ ಒತ್ತಿದ್ದಕ್ಕೂ ಜನರನ್ನು ಹಿಡಿದು ಹಾಕಿದ ದೇಶ ಅದು. ಉಂಡೂ ಹೋದ ಕೊಂಡೂ ಹೋದ ಅನ್ನುತ್ತಾರಲ್ಲ, ನಾವು ಹಾಗೆ. ಬೆಲೆ ತೆರುವವನು ಅಲ್ಲಿ ಉಳಿದವನು. ಟೂರ್ ಹೋಗುವವರು ತಮಗೇನಾಗುತ್ತೆ ಅಂತ ಇನ್ಶೂರೆನ್ಸ್ ಮಾಡಿಸುತ್ತಾರೆ. ಅವನಿಗೆ ಏನಾಗುತ್ತೆ ಅನ್ನುವುದಕ್ಕೆ ಪಾಲಿಸಿ ಇಲ್ಲ.

ಎರಡನೆಯದು ಫೋಟೋ. ಸೈನ್ಯಕ್ಕೆ ನಿಮ್ಮ ಡಾಲರಿಗಿಂತ ನಿಮ್ಮ ನಗುಮುಖ ಬೇಕು. ವಿದೇಶಿಯರು ಶ್ವೇಡಗಾನ್ ಪಗೋಡದ ಮುಂದೆ ನಗುತ್ತಿರುವ ಚಿತ್ರ ಸರ್ಕಾರಿ ಪತ್ರಿಕೆಯಲ್ಲಿ ಬಂದರೆ, ಎಲ್ಲ ಸರಿಯಾಗಿದೆ ಅನ್ನುವುದಕ್ಕೆ ಅದೇ ಪುರಾವೆ.

ಇದು ಬರ್ಮಾ ಒಂದರ ಕಥೆಯಲ್ಲ. 1978ರ ಫುಟ್‌ಬಾಲ್ ವಿಶ್ವಕಪ್ ನಡೆದದ್ದು ಅರ್ಜೆಂಟೀನಾದಲ್ಲಿ, ಸೈನಿಕ ಸರ್ಕಾರದ ಕೆಳಗೆ. ದೇಶದ ಹೆಸರು ಚೆನ್ನಾಗಿ ಕಾಣಿಸಲು ಆ ಸರ್ಕಾರ ಅಮೆರಿಕದ ಪ್ರಚಾರ ಕಂಪನಿಯೊಂದಕ್ಕೆ ದುಡ್ಡು ಕೊಟ್ಟಿತ್ತು. ಫೈನಲ್ ಪಂದ್ಯ ಬ್ಯೂನಸ್ ಐರಿಸ್‌ನ ಮಾನ್ಯುಮೆಂಟಲ್ ಸ್ಟೇಡಿಯಂನಲ್ಲಿ. ಅಲ್ಲಿಂದ ಒಂದೆರಡು ಕಿಲೋಮೀಟರ್ ಒಳಗೆ ನೌಕಾಪಡೆಯ ಶಾಲೆಯೊಂದಿತ್ತು. ಜನರನ್ನು ಹಿಡಿದು ತಂದು ಚಿತ್ರಹಿಂಸೆ ಕೊಡುತ್ತಿದ್ದ ಜಾಗ ಅದು. ಗೋಲು ಬಿದ್ದಾಗ ಸ್ಟೇಡಿಯಂನ ಕೂಗು ತಮಗೆ ಕೇಳುತ್ತಿತ್ತು ಅಂತ ಬದುಕಿ ಉಳಿದವರು ಆಮೇಲೆ ಹೇಳಿದ್ದಾರೆ. ಅರ್ಜೆಂಟೀನಾ 3–1ರಿಂದ ಗೆದ್ದಿತು. ಕಪ್ಪು ಕೊಟ್ಟವನು ಜನರಲ್ ವಿಡೆಲಾ. ಸ್ಟೇಡಿಯಂನಲ್ಲಿ ಕೂತಿದ್ದವರು ಕೆಟ್ಟವರೇನಲ್ಲ. ಆದರೆ ಅವರ ಕೇಕೆಯೂ ಆಟದ ಒಂದು ಭಾಗವಾಗಿತ್ತು, ಅಲ್ವಾ?

ಇಲ್ಲಿ ನೀವು ನನ್ನನ್ನು ತಡೆದು ಕೇಳಬಹುದು. ಥಾಯ್ಲೆಂಡ್‌ನಲ್ಲೂ 2014ರ ಮೇ 22ರಂದು ಸೈನ್ಯ ಅಧಿಕಾರ ಹಿಡಿಯಿತಲ್ಲ? ಸಾಮಾನ್ಯ ಜನರನ್ನು ಸೈನಿಕ ಕೋರ್ಟಿನಲ್ಲಿ ವಿಚಾರಣೆ ಮಾಡಿದರು. ಪ್ರತಿಭಟನೆಯ ಗುರುತಾಗಿ ಮೂರು ಬೆರಳು ಎತ್ತಿದ್ದಕ್ಕೆ ವಿದ್ಯಾರ್ಥಿಗಳನ್ನು ಎಳೆದುಕೊಂಡು ಹೋದರು. ಆದರೂ 2018ರಲ್ಲಿ ಸುಮಾರು 16 ಲಕ್ಷ ಭಾರತೀಯರು ಅಲ್ಲಿಗೆ ಹೋಗಿದ್ದಾರೆ. ಫುಕೆಟ್‌ಗೆ ಹನಿಮೂನ್ ಹೋದವರು ಈ ಕೋಣೆಯಲ್ಲೂ ಇರಬಹುದು. (ನಗು.) ಆಗ ಯಾರೂ ನನ್ನನ್ನು 'ಸರೀನಾ' ಅಂತ ಕೇಳಲಿಲ್ಲ. ನಾನೂ ಯಾರಿಗೂ ಬೇಡ ಅನ್ನಲಿಲ್ಲ.

ಹಾಗಾದರೆ ನನ್ನ ಅಳತೆ ಏನು? ಸೈನ್ಯ ಆಳುತ್ತಿದೆ ಅನ್ನುವುದೊಂದೇ ಸಾಲದು. ಆ ಅಳತೆ ಹಿಡಿದರೆ ಭೂಪಟದಲ್ಲಿ ಅರ್ಧ ಅಳಿಸಬೇಕಾಗುತ್ತೆ. ಅಲ್ಲಿನ ಜನ ಹೇಗೆ ನಡೆದುಕೊಳ್ಳುತ್ತಿದ್ದಾರೆ ಅಂತ ನೋಡುತ್ತೇನೆ. ಥಾಯ್ ಜನ ತಮ್ಮ ಹಬ್ಬ ನಿಲ್ಲಿಸಲಿಲ್ಲ, ಅಂಗಡಿ ಮುಚ್ಚಲಿಲ್ಲ, ಬರಬೇಡಿ ಅನ್ನಲಿಲ್ಲ. ಬರ್ಮಾದಲ್ಲಿ ಥಿಂಗ್ಯಾನ್ ಅಂತ ಏಪ್ರಿಲ್ ತಿಂಗಳ ನೀರಿನ ಹಬ್ಬ ಇದೆ. ನಮ್ಮ ಯುಗಾದಿ ಥರ ಹೊಸ ವರ್ಷವೂ ಹೌದು. 2021ರಲ್ಲಿ ಜನ ನೀರು ಎರಚಲಿಲ್ಲ. ಹಬ್ಬದ ಹೂಕುಂಡಗಳ ಮೇಲೆ ಪ್ರತಿಭಟನೆಯ ಮೂರು ಬೆರಳು ಬಿಡಿಸಿ ಬೀದಿಯಲ್ಲಿ ಸಾಲಾಗಿ ಇಟ್ಟರು. 2022ರಲ್ಲಿ ಸೈನ್ಯವೇ ಮುಂದೆ ನಿಂತು ದೊಡ್ಡ ದೊಡ್ಡ ವೇದಿಕೆ ಕಟ್ಟಿ, ಹಾಡು ಹಾಕಿಸಿ, ಬನ್ನಿ ಬನ್ನಿ ಅಂದಿತು. ಹೆಚ್ಚಿನವರು ಮನೆಯಲ್ಲೇ ಕೂತರು. ಸೈನ್ಯದ ಬಿಯರ್ ಕುಡಿಯುವುದು ಬಿಟ್ಟರು, ಸೈನ್ಯದ ಸಿಮ್ ಮುರಿದು ಬಿಸಾಡಿದರು. 'ಮೌನ ಮುಷ್ಕರ' ಅಂತ ಇಡೀ ಊರಿನ ಅಂಗಡಿ ಮುಚ್ಚಿ ರಸ್ತೆ ಖಾಲಿ ಬಿಟ್ಟರು.

ನಮ್ಮ ಹಳ್ಳಿಗಳಲ್ಲಿ ಬೀದಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ. ಯಾರೂ ಹಾಗೆ ಹೇಳಿಕೊಡಬೇಕಾಗಿಲ್ಲ. ಊರವರೇ ಹಬ್ಬ ಬಿಟ್ಟು ಕೂತ ಕಡೆ, ಊರು ಸುಟ್ಟವನೇ ಹಾಕಿದ ಪೆಂಡಾಲಿನಲ್ಲಿ ಕುಣಿಯಲು ನಾವು ಹೋಗುವುದು ನನಗೆ ಒಗ್ಗುವುದಿಲ್ಲ. ಅದಕ್ಕೆ ನನ್ನ ಉತ್ತರ: ಮೋಜಿಗೆ, ಈಗ, ಬೇಡ.

ಇನ್ನು ಪ್ರಶ್ನೆಗಳು.

ಸಾಫ್ಟ್‌ವೇರ್‌ನಲ್ಲಿರುವ ಹುಡುಗನೊಬ್ಬ ಕೇಳಿದ: "ಸರ್, ನಮ್ಮ ಸರ್ಕಾರವೇ ಅವರ ಜೊತೆ ವ್ಯವಹಾರ ಮಾಡ್ತಿದೆ. ನಾನೊಬ್ಬ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ಏನಾಗುತ್ತೆ?"

ಏನೂ ಆಗಲ್ಲಪ್ಪ. ನೀನು ಹೇಳಿದ್ದು ನಿಜ, ಇನ್ನೂ ಸ್ವಲ್ಪ ಸೇರಿಸುತ್ತೇನೆ. ಬರ್ಮಾದ ಶ್ವೇ ಗ್ಯಾಸ್ ಯೋಜನೆಯಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಪಾಲುದಾರರು. ಎರಡೂ ಸರ್ಕಾರಿ ಕಂಪನಿ. ಅದಾನಿ ಪೋರ್ಟ್ಸ್ ಯಾಂಗಾನ್‌ನಲ್ಲಿ ಸೈನ್ಯದ ಕಂಪನಿಯ ಜಾಗದಲ್ಲಿ ಬಂದರು ಕಟ್ಟುತ್ತಿತ್ತು, 2023ರಲ್ಲಿ ಮಾರಿ ಹೊರಗೆ ಬಂತು. ಇನ್ನು ನಿನ್ನ ಇಡ್ಲಿಗೇ ಬಾ. ಭಾರತ ಹೊರಗಿನಿಂದ ತರಿಸುವ ಉದ್ದಿನಲ್ಲಿ ಹೆಚ್ಚಿನದು ಬರ್ಮಾದ್ದು. ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದು, ಒಂದು ಲಕ್ಷ ಟನ್ ತೊಗರಿ ತರಿಸುತ್ತೇವೆ ಅಂತ 2021ರಲ್ಲಿ, ಅದೂ ಸೈನ್ಯ ಬಂದ ಮೇಲೆ, ಐದು ವರ್ಷದ ಒಪ್ಪಂದ ಆಯಿತು. ಹಾಗಂತ ಇಡ್ಲಿ ಬಿಡು ಅನ್ನಲ್ಲ. ಉದ್ದು ಬೆಳೆಯುವವನು ಸಣ್ಣ ರೈತ. ಅವನ ಹೊಲಕ್ಕೆ ನೀನು ಹೋಗಿ ನಿಲ್ಲುವುದಿಲ್ಲ, ಅವನನ್ನು ಮಾತಾಡಿಸಿ ಅಪಾಯಕ್ಕೆ ತಳ್ಳುವುದೂ ಇಲ್ಲ. ತೇಗದ ವಿಷಯ ಹಾಗಲ್ಲ. ಅಲ್ಲಿ ಮರ ಮಾರುವುದು ಸರ್ಕಾರದ ನಿಗಮ, ಅಮೆರಿಕ ಮತ್ತು ಯುರೋಪ್ ಅದರ ಮೇಲೆ 2021ರಲ್ಲೇ ನಿರ್ಬಂಧ ಹಾಕಿವೆ. ದೇವನಹಳ್ಳಿ ಕಡೆ ವಿಲ್ಲಾ ಕಟ್ಟಿಸುವವರು 'ಬರ್ಮಾ ಟೀಕೇ ಬೇಕು' ಅನ್ನುವ ಮೊದಲು ಇದನ್ನು ಯೋಚನೆ ಮಾಡಲಿ. ಟಿಕೆಟ್ ಕ್ಯಾನ್ಸಲ್ ಮಾಡುವುದಕ್ಕಿಂತ ಆ ಬಾಗಿಲು ಕ್ಯಾನ್ಸಲ್ ಮಾಡುವುದು ದೊಡ್ಡ ಕೆಲಸ.

ಹಿರಿಯರೊಬ್ಬರು: "ನಮ್ಮ ತಾತ ರಂಗೂನಿನಲ್ಲಿ ಇದ್ದವರು. ಆ ಮನೆ ಬೀದಿ ಒಂದ್ಸಲ ನೋಡ್ಬೇಕು ಅಂತ ಆಸೆ. ನನಗೀಗ ವಯಸ್ಸಾಯ್ತು."

ಅಮ್ಮ, ನೀವು ಹೋಗಿಬನ್ನಿ. ನಾನು ಹೇಳಿದ್ದು ಮೋಜಿನ ಟೂರಿಗೆ. ನೆಂಟರು, ಹರಕೆ, ಧ್ಯಾನ, ಪರಿಹಾರದ ಕೆಲಸ, ಇವಕ್ಕೆಲ್ಲ ಅದೇ ಮಾತು ಹೇಳಲಾರೆ. ಯಾಂಗಾನ್ ನಗರದೊಳಗೆ ಇರಿ. ಲೈಸೆನ್ಸ್ ಇರುವ ಹೋಟೆಲಿನಲ್ಲೇ ಉಳಿಯಿರಿ, ಯಾರ ಮನೆಯಲ್ಲೂ ರಾತ್ರಿ ತಂಗಬೇಡಿ. ರಾಜಕೀಯದ ಮಾತು ನೀವಾಗಿ ತೆಗೆಯಬೇಡಿ. ಜನರ ಫೋಟೋ ಬೇಡ, ಬೀದಿಯದ್ದು ಸಾಕು. ರಖೈನ್ ರಾಜ್ಯದ ಕಡೆಗೆ ಹೋಗಬೇಡಿ ಅಂತ ನಮ್ಮ ವಿದೇಶಾಂಗ ಇಲಾಖೆಯೇ 2024ರ ಫೆಬ್ರುವರಿಯಲ್ಲಿ ಹೇಳಿದೆ. ಇನ್ನೊಂದು, ಕೆಲಸ ಕೊಡಿಸುತ್ತೇವೆ ಅಂತ ಥಾಯ್ಲೆಂಡ್ ದಾರಿಯಲ್ಲಿ ಹುಡುಗರನ್ನು ಬರ್ಮಾ ಗಡಿಯೊಳಗಿನ ಮ್ಯಾವಾಡಿ ಅನ್ನುವ ಊರಿಗೆ ಸಾಗಿಸಿ, ಅಲ್ಲಿನ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕುತ್ತಾರೆ. 2025ರ ಮಾರ್ಚಿನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆ ವಿಮಾನದಲ್ಲಿ ಕರೆತರಬೇಕಾಯಿತು. ಇದು ನಿಮಗಲ್ಲ, ಹಿಂದಿನ ಸಾಲಿನಲ್ಲಿ ಕೂತಿರುವ ಹುಡುಗರಿಗೆ.

ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಕೊನೆಗೆ ಕೇಳಿದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: "ಮೊದಲು ಕೋವಿಡ್, ಆಮೇಲೆ ಸೈನ್ಯ, ಆಮೇಲೆ 2025ರ ಭೂಕಂಪ. ಬಗಾನ್ ಕುದುರೆಗಾಡಿಯವನು, ಮಂಡಾಲೆ ಗೈಡು ಹಸಿವಿನಿಂದ ಇದ್ದಾರೆ. ನೀವು ಇಲ್ಲಿ ಕೂತು ಬೇಡ ಅಂತೀರಿ. ಅವರ ಹೊಟ್ಟೆಗೆ ಯಾರು ಹೊಣೆ?"

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಿಮ್ಮ ಪ್ರಶ್ನೆ ನನ್ನ ವಾದಕ್ಕಿಂತ ಬಲವಾಗಿದೆ. ಪರಿಚಯದ ಗೈಡು ಯಾರಾದರೂ "ಬನ್ನಿ, ನನಗೆ ಕೆಲಸ ಬೇಕು" ಅಂತ ಅವನಾಗಿ ಕರೆದರೆ, ಅವನ ಲೆಕ್ಕ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಅಲ್ಲಿ ನಾನು ಸುಮ್ನಿರುತ್ತೇನೆ. ಆದರೆ ಕೋರಮಂಗಲದ ಏಜೆಂಟ್ ಕೊಡುವ ಪ್ಯಾಕೇಜಿನಲ್ಲಿ ಆ ಕುದುರೆಗಾಡಿಯವನಿಗೆ ಎಷ್ಟು ಸೇರುತ್ತೆ ಅಂತ ಏಜೆಂಟನ್ನೇ ಕೇಳಿ ನೋಡಿ.

ಇನ್ನೊಂದು ದಾರಿ ಇದೆ. ಮಿಜೋರಾಂಗೆ ಹೋಗಿ. ಬರ್ಮಾದಿಂದ ಓಡಿಬಂದ 30 ಸಾವಿರಕ್ಕೂ ಹೆಚ್ಚು ಜನರನ್ನು ಆ ಪುಟ್ಟ ರಾಜ್ಯ ಇಟ್ಟುಕೊಂಡಿದೆ. ಹೆಚ್ಚಿನವರು ಚಿನ್ ಜನ, ಮಿಜೋಗಳಿಗೆ ರಕ್ತಸಂಬಂಧಿಗಳು. ಅನ್ನ ಹಾಕುತ್ತಿರುವುದು ಬಹಳ ಮಟ್ಟಿಗೆ ಅಲ್ಲಿನ ಚರ್ಚುಗಳು ಮತ್ತು ಊರಿನ ಯುವಕ ಸಂಘಗಳು. ಗಡಿಯ ಹತ್ತಿರದ ಚಂಫಾಯ್‌ಗೆ ಹೋಗಿ ಲಾಡ್ಜಿನಲ್ಲಿ ಉಳಿದು ಊಟ ಮಾಡಿದರೂ ದುಡ್ಡು ಆ ಊರಿಗೇ ಸೇರುತ್ತೆ. ಇನ್ನೂ ಕೊಡಬೇಕು ಅನ್ನಿಸಿದರೆ ಸ್ಥಳೀಯ ಚರ್ಚಿನವರನ್ನು ಕೇಳಿ ಕೊಡಿ. ಐಜಾಲಿನ ಲೆಂಗ್‌ಪುಯಿ ಏರ್‌ಪೋರ್ಟಿನಲ್ಲೇ ಒಳನಾಡು ಪರ್ಮಿಟ್ ಮಾಡಿಕೊಡುತ್ತಾರೆ, ಆಧಾರ್ ಮತ್ತು ಫೋಟೋ ಇಟ್ಟುಕೊಂಡಿರಿ. ಆದರೆ ನಿರಾಶ್ರಿತರ ಕ್ಯಾಂಪುಗಳನ್ನು ನೋಡಲು ಹೋಗಬೇಡಿ.